ಹೊಸ ಪ್ರಿನ್ಸಿಪಾಲರನ್ನು ಹುಡುಕುವ ಮುಂಚೆ

ತೀರ್ಥಹಳ್ಳಿ ಕಡೆಯ ಖಾಸಗಿ ಡಿಗ್ರಿ ಕಾಲೇಜೊಂದರಲ್ಲಿ ನಾನು ಆಫೀಸ್ ಸೂಪರಿಂಟೆಂಡೆಂಟ್. ಪ್ರಿನ್ಸಿಪಾಲರ ನಿವೃತ್ತಿ ಹತ್ತಿರ ಬಂದರೆ ಆಡಳಿತ ಮಂಡಳಿಯವರು "ಯಾರಿದ್ದಾರೆ?" ಅಂತ ಶುರು ಮಾಡುತ್ತಾರೆ. ಮೊದಲು ಅರ್ಹತೆ ನೋಡಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಲ್ಲಿ ಪಿಎಚ್‌ಡಿ, 15 ವರ್ಷದ ಅನುಭವ, ಕನಿಷ್ಠ 10 ಸಂಶೋಧನಾ ಲೇಖನ, 110 ಸಂಶೋಧನಾ ಅಂಕ ಕೇಳುತ್ತಾರೆ. ಅಧ್ಯಕ್ಷರ ನೆಂಟಸ್ತಿಕೆ ಕೇಳಿಲ್ಲ!

ಆಯ್ಕೆ ಸಮಿತಿಗೆ ಕುಲಪತಿಗಳು ಸೂಚಿಸುವ ತಜ್ಞರು ಬೇಕು. ಹಾಗಾಗಿ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ ಪತ್ರ ಬೇಗ ಹೋಗಲಿ. ಸಂದರ್ಶನವನ್ನು ಜುಲೈಗೆ ಇಡಬೇಡಿ. ಆಗುಂಬೆ ಘಾಟಿಯಲ್ಲಿ ಗುಡ್ಡ ಕುಸಿದರೆ ಉಡುಪಿ ಕಡೆಯವರು ಬರುವುದು ಹೇಗೆ?

ಜಾಸ್ತಿ ತಲೆನೋವು ಚಾರ್ಜ್ ಹಸ್ತಾಂತರದ್ದು. ಬೀರು ಕೀಲಿ, ಸ್ಟಾಕ್ ರಿಜಿಸ್ಟರ್ ಎಲ್ಲರಿಗೂ ನೆನಪಿರುತ್ತದೆ. ಒಟಿಪಿ ಯಾರಿಗೂ ನೆನಪಿರುವುದಿಲ್ಲ. ಸ್ಕಾಲರ್‌ಶಿಪ್ ಪೋರ್ಟಲ್ ಹಳೆಯ ಸರ್ ಮೊಬೈಲಿಗೇ ನಂಬರ್ ಕಳಿಸುತ್ತದೆ. ಅವರು ಅಡಿಕೆ ತೋಟದಲ್ಲಿ, ನೆಟ್‌ವರ್ಕ್ ಇಲ್ಲ. ಇತ್ತ ಕೊನೇ ದಿನಾಂಕ, ಮಕ್ಕಳು ಕೌಂಟರ್ ಮುಂದೆ. ಅದಕ್ಕೇ ಬೀಳ್ಕೊಡುಗೆಯ ಶಾಲು ತರುವ ಮೊದಲೇ ಎಲ್ಲ ಲಾಗಿನ್‌ಗಳ ಪಟ್ಟಿ ಮಾಡಿ. ಮೊಬೈಲ್ ನಂಬರುಗಳನ್ನು ಕಾಲೇಜಿನ ಸಿಮ್‌ಗೆ ಬದಲಿಸಿ. ಬ್ಯಾಂಕಿಗೆ ಹೊಸ ಸಹಿ ಕೊಡಲು ಮಂಡಳಿಯ ಠರಾವಿನ ಪ್ರತಿಯೂ ಬೇಕು, ಎರಡು ಜೆರಾಕ್ಸ್ ಜಾಸ್ತಿ ಇಟ್ಟುಕೊಳ್ಳಿ.