ಪಾದದಲ್ಲಿ ಗಂಟು ಕಂಡರೆ ಮೊದಲು ನೋಡಿ, ಕೊಯ್ಯಬೇಡಿ

ಚಿತ್ತಾಪುರ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಡ್ರೆಸ್ಸಿಂಗ್ ರೂಮಿನ ನರ್ಸ್. ತೊಗರಿ ರಾಶಿ ಮುಗಿಯುವ ಹೊತ್ತಿಗೆ ಪಾದ ತೋರಿಸಲು ಬರುವವರು ಜಾಸ್ತಿ ಆಗುತ್ತಾರೆ. ಕೂಳೆ ಚುಚ್ಚಿದ್ದು, ಜಾಲಿ ಮುಳ್ಳು ಮುರಿದು ಒಳಗೇ ಉಳಿದದ್ದು, ಫರಶಿ ಗಣಿಯಲ್ಲಿ ಕಲ್ಲು ಬಿದ್ದದ್ದು. ಇವರೆಲ್ಲ ನೋವು ತಾಳಲಾರದೆ ಬೇಗ ಬರುತ್ತಾರೆ. ನನಗೆ ಚಿಂತೆ ನೋವಿಲ್ಲದೆ ಬೆಳೆಯುವ ಗಂಟಿನದು. "ಏನೂ ನೋಯಂಗಿಲ್ರಿ ಸಿಸ್ಟರ್, ಸುಮ್ನೆ ಅದ" ಅಂತ ವರ್ಷಗಟ್ಟಲೆ ಅದನ್ನು ಹೊತ್ತು ತಿರುಗುತ್ತಾರೆ.

ಮೊದಲು ಕಾಲು ತೊಳೆದು ಒರೆಸಿಕೊಂಡು ಬಾಗಿಲ ಬೆಳಕಿಗೆ ಕೂತುಕೊಳ್ಳಿ. ಎರಡೂ ಪಾದ ಜೊತೆಗಿಟ್ಟು ನೋಡಿ. ಅಂಗಾಲು ಕಾಣದಿದ್ದರೆ ಮನೆಯ ಮಕ್ಕಳಿಗೆ ಹೇಳಿ ಫೋನಿನಲ್ಲಿ ಫೋಟೋ ತೆಗೆಸಿ, ಗಂಟಿನ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು. ಎರಡು ವಾರ ಬಿಟ್ಟು ಅದೇ ನಾಣ್ಯ ಇಟ್ಟು ಮತ್ತೆ ತೆಗೆಸಿ. ಬೆಳೆದಿದೆಯೋ ಇಲ್ಲವೋ ಆಗ ಗೊತ್ತಾಗುತ್ತದೆ. ಆಮೇಲೆ ಬೆರಳಿಂದ ಮೆಲ್ಲಗೆ ಒತ್ತಿ: ಗಟ್ಟಿಯೋ ಮೆತ್ತಗೋ, ಚರ್ಮದ ಕೆಳಗೆ ಜಾರುತ್ತದೋ, ಒಳಗೆ ಅಂಟಿಕೊಂಡಿದೆಯೋ, ಮುಟ್ಟಿದರೆ ಬಿಸಿಯೋ.

ಅಂಗಾಲಿನಲ್ಲಿ ಹೆಚ್ಚಾಗಿ ಕಾಣುವುದು ಆಣಿ. ಚಪ್ಪಲಿ ಒತ್ತುವ ಕಡೆ ಚರ್ಮ ದಪ್ಪಗಾಗಿ ಆಗುತ್ತದೆ. ನೇರ ಒತ್ತಿದರೆ ನೋವು. ನರುಳಿಯೂ ಹಾಗೇ ಕಾಣುತ್ತದೆ, ಆದರೆ ಅದು ವೈರಸ್‌ನಿಂದ ಬರುವುದು. ಎರಡು ಬೆರಳಲ್ಲಿ ಪಕ್ಕದಿಂದ ಹಿಂಡಿದರೆ ಅದಕ್ಕೆ ನೋವು ಜಾಸ್ತಿ. ಮೇಲೆ ಸಣ್ಣ ಕಪ್ಪು ಚುಕ್ಕಿಗಳು ಇರಬಹುದು, ಚರ್ಮದ ಗೆರೆಗಳು ಅಲ್ಲಿ ಕಡಿದುಹೋಗಿರುತ್ತವೆ. ಎರಡಕ್ಕೂ ಬ್ಲೇಡು ಹಾಕಬೇಡಿ.

ಪಾದದ ಮೇಲ್ಭಾಗದಲ್ಲಿ ದುಂಡಗೆ, ಒಮ್ಮೆ ದೊಡ್ಡದು ಒಮ್ಮೆ ಸಣ್ಣದಾಗುವ ಗಂಟು ಬಹಳ ಸಲ ನೀರುಗಂಟು. ಕತ್ತಲಲ್ಲಿ ಟಾರ್ಚ್ ಹಿಡಿದರೆ ಬೆಳಕು ಒಳಗೆ ಹಾಯುತ್ತದೆ. ತೊಂದರೆ ಕೊಡದಿದ್ದರೆ ಬಿಡಬಹುದು. ಬಡಿದು ಒಡೆಯುವುದು ಬೇಡ. ಹೆಬ್ಬೆರಳಿನ ಬುಡದ ಮೂಳೆ ನಿಧಾನವಾಗಿ ಹೊರಗೆ ಬಾಗಿದ್ದರೆ ಅಗಲ ಚಪ್ಪಲಿ ಬೇಕು. ಅದೇ ಜಾಗ ರಾತ್ರೋರಾತ್ರಿ ಕೆಂಪಗೆ ಊದಿ, ಹೊದಿಕೆ ತಾಗಿದರೂ ಜೀವ ಹೋಗುವಂತಾದರೆ ಗೌಟ್ ಎಂಬ ಕೀಲು ಊತದ ರೋಗ ಇರಬಹುದು. ಬೇಗ ತೋರಿಸಿ.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದದ್ದು. ಒಬ್ಬ ಅವ್ವ ಬಂದಿದ್ದರು. ಹಿಮ್ಮಡಿಯ ಪಕ್ಕ ಗಟ್ಟಿ ಬಾವು, ಮೇಲೆ ಮೂರ್ನಾಲ್ಕು ಸಣ್ಣ ತೂತು. ಕಳೆ ತೆಗೆಯುವಾಗ ಯಾವಾಗಲೋ ಮುಳ್ಳು ಚುಚ್ಚಿತ್ತಂತೆ, ಎಕ್ಕೆ ಹಾಲು ಹಾಕಿ ಮರೆತಿದ್ದರು. ನಾನು ಬಿಚ್ಚಿದ ಬಟ್ಟೆಯ ಮೇಲೆ ರಸಿಗೆಯ ಜೊತೆ ರವೆಗಿಂತ ಸಣ್ಣ ಕಪ್ಪು ಕಾಳು ಅಂಟಿದ್ದವು. ಅದು ಮಣ್ಣಲ್ಲ. ಮೈಸಿಟೋಮಾ ಎಂಬ ಸೋಂಕಿನ ಗುರುತು ಅದು. ಮಧುರಾ ಕಾಲು ಅಂತಲೂ ಡಾಕ್ಟರರು ಹೇಳುತ್ತಾರೆ. ಮಣ್ಣಿನಲ್ಲಿರುವ ಶಿಲೀಂಧ್ರ ಅಥವಾ ಬ್ಯಾಕ್ಟೀರಿಯಾ ಮುಳ್ಳಿನ ಗಾಯದಿಂದ ಒಳಗೆ ಸೇರಿ, ತಿಂಗಳು ವರ್ಷ ತೆಗೆದುಕೊಂಡು ಬೆಳೆಯುತ್ತದೆ. ನೋವು ಕಮ್ಮಿ ಇರುವುದರಿಂದಲೇ ಎಲುಬಿಗೆ ಇಳಿಯುವವರೆಗೆ ಜನ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಇದನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. ಬಡವರ, ಬರಿಗಾಲಲ್ಲಿ ದುಡಿಯುವವರ ರೋಗ ಇದು. ಕಾಳಿನ ಬಣ್ಣ ಕಪ್ಪು, ಬಿಳಿ, ಹಳದಿ, ಕೆಂಪು ಯಾವುದೂ ಇರಬಹುದು. ಔಷಧಿ ಯಾವುದೆಂದು ಪರೀಕ್ಷೆ ಮಾಡಿಯೇ ನಿರ್ಧರಿಸಬೇಕು, ಏಕೆಂದರೆ ಶಿಲೀಂಧ್ರಕ್ಕೆ ಒಂದು, ಬ್ಯಾಕ್ಟೀರಿಯಾಕ್ಕೆ ಇನ್ನೊಂದು. ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕಾಗುತ್ತದೆ. ತಡವಾದರೆ ಕಾಲು ತೆಗೆಯುವ ಮಟ್ಟಕ್ಕೂ ಹೋಗಬಹುದು. ಹಾಗಾಗಿ ಕಾಳು ಕಂಡ ಬಟ್ಟೆಯನ್ನು ಎಸೆಯಬೇಡಿ, ಚೀಲದಲ್ಲಿ ಕಟ್ಟಿಕೊಂಡು ಬನ್ನಿ.

ಶುಗರ್ ಇರುವವರ ಲೆಕ್ಕ ಬೇರೆ. ಅವರಿಗೆ ಪಾದ ಮರಗಟ್ಟಿರಬಹುದು, ಆಗ ಆಣಿಯ ಕೆಳಗೆ ಹುಣ್ಣಾದರೂ ತಿಳಿಯುವುದಿಲ್ಲ. ಆಣಿಯ ನಡುವೆ ಕಪ್ಪು ಅಥವಾ ನೀಲಿ ಕಲೆ ಕಂಡರೆ ಒಳಗೆ ರಕ್ತ ನಿಂತಿದೆ ಎಂದುಕೊಳ್ಳಿ. ಅಂಗಡಿಯ ಕಾರ್ನ್ ಕ್ಯಾಪ್ ಅಂಟಿಸಬೇಡಿ, ಅದರಲ್ಲಿರುವ ಸ್ಯಾಲಿಸಿಲಿಕ್ ಆಸಿಡ್ ಒಳ್ಳೆಯ ಚರ್ಮವನ್ನೂ ಸುಡುತ್ತದೆ. ಶುಗರ್ ಇಲ್ಲದೆಯೂ ಪಾದಕ್ಕೆ ಸ್ಪರ್ಶ ತಿಳಿಯದಿದ್ದರೆ, ಮೈಮೇಲೆ ಮಚ್ಚೆ ಇದ್ದರೆ, ಕುಷ್ಠದ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ಪೂರ್ತಿ ವಾಸಿಯಾಗುತ್ತದೆ. ನಾಚಿಕೆ ಪಡುವಂಥದ್ದು ಇದರಲ್ಲಿ ಏನೂ ಇಲ್ಲ.

ಅದೇ ದಿನ ಹೋಗಬೇಕಾದದ್ದು ಯಾವಾಗ? ಗಂಟು ಕೆಂಪಗೆ ಬಿಸಿಯಾಗಿ ಜ್ವರ ಬಂದರೆ. ಕೆಂಪು ಗೆರೆ ಮೇಲಕ್ಕೆ ಏರಿದರೆ. ಬೆರಳು ಕಪ್ಪಾದರೆ, ತಣ್ಣಗಾದರೆ. ಶುಗರ್ ಇದ್ದವರ ಪಾದ ನೋವಿಲ್ಲದಿದ್ದರೂ ಊದಿ ಬಿಸಿಯಾಗಿದ್ದರೆ. ನಾಳೆ ಸಂತೆ, ನಾಡಿದ್ದು ಜಾತ್ರೆ ಅಂತ ಮುಂದೂಡಬೇಡಿ.

ಒಂದು ವಾರದೊಳಗೆ ತೋರಿಸಬೇಕಾದದ್ದು: ಗಟ್ಟಿಯಾಗಿ ಒಳಗೆ ಅಂಟಿಕೊಂಡಿದ್ದು, ಫೋಟೋದಲ್ಲಿ ಬೆಳೆದದ್ದು, ತೂತು ಬಿದ್ದು ಸೋರುವುದು, ರಾತ್ರಿ ಎಬ್ಬಿಸುವ ನೋವು, ವಾಸಿಯಾಗದ ಹುಣ್ಣು. ಅಂಗಾಲಲ್ಲಿ ಅಥವಾ ಉಗುರಿನ ಕೆಳಗೆ ಅಗಲವಾಗುತ್ತಿರುವ ಕಪ್ಪು ಕಲೆಯೂ ಅಷ್ಟೇ ಮುಖ್ಯ. ಚರ್ಮದ ಕ್ಯಾನ್ಸರ್ ನಮ್ಮಂಥ ಬಣ್ಣದವರಲ್ಲಿ ಅಪರೂಪ, ಆದರೆ ಬಂದರೆ ಅಂಗಾಲು, ಉಗುರಿನಲ್ಲೇ ಬರುವುದುಂಟು.

ಮೊದಲು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ. ಅಲ್ಲಿಂದ ಎಕ್ಸ್‌ರೇ, ಸ್ಕ್ಯಾನಿಂಗ್‌ಗೆ ಬರೆದುಕೊಡುತ್ತಾರೆ. ದೊಡ್ಡದಕ್ಕೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಾದ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್ ಇವೆ, ಕ್ಯಾನ್ಸರಿಗೆ ಕಲಬುರಗಿಯಲ್ಲೇ ಕಿದ್ವಾಯಿ ಆಸ್ಪತ್ರೆಯ ಶಾಖೆ ಇದೆ. ಹೋಗುವಾಗ ದಿನಾ ಹಾಕುವ ಚಪ್ಪಲಿಯನ್ನೇ ಹಾಕಿಕೊಂಡು ಹೋಗಿ, ಡಾಕ್ಟರರು ಅದು ಸವೆದ ರೀತಿ ನೋಡಲಿ. ಹಚ್ಚಿದ ನಾಟಿ ಔಷಧಿ, ಹಾಕಿಸಿಕೊಂಡ ಬರೆ, ಏನನ್ನೂ ಮುಚ್ಚಿಡಬೇಡಿ. ಯಾರೂ ಬೈಯುವುದಿಲ್ಲ, ಬೈದರೂ ಹೇಳಿ.

ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದರೆ ಒಪ್ಪಿಕೊಳ್ಳಿ. ಕತ್ತರಿ ತಾಗಿದರೆ ರೋಗ ಹರಡುತ್ತದೆ ಎನ್ನುವ ಮಾತು ಕೇಳಿ ಎದ್ದು ಹೋಗಬೇಡಿ. ಗಂಟನ್ನೇ ಪೂರ್ತಿ ತೆಗೆದರೂ ಅದನ್ನು ಲ್ಯಾಬಿಗೆ ಕಳಿಸಿದ್ದೀರಾ ಎಂದು ಕೇಳಿ, ರಿಪೋರ್ಟ್ ಬಂದ ಮೇಲೆ ಒಂದು ಪ್ರತಿ ಮನೆಯಲ್ಲಿ ಇಟ್ಟುಕೊಳ್ಳಿ.