ಹಳೆ ಕಾರಿಗೆ ಕೋಲ್ಡ್ ಏರ್ ಇನ್‌ಟೇಕ್ ಕೂರಿಸೋ ಮುಂಚೆ

ವಿಜಯಪುರದ ಬಿಸಿಲಲ್ಲಿ ಹಳೆ ಪೆಟ್ರೋಲ್ ಕಾರಿಗೆ ಕೋಲ್ಡ್ ಏರ್ ಇನ್‌ಟೇಕ್ (ಎಂಜಿನ್‌ಗೆ ಹೊರಗಿನ ತಣ್ಣನೆ ಗಾಳಿ ತರುವ ಪೈಪು, ಫಿಲ್ಟರ್) ಹಾಕಿಸುವವರು ಮೊದಲು ಫಿಲ್ಟರ್ ಎಲ್ಲಿ ಕೂರುತ್ತದೆ ಅಂತ ನೋಡಿ. ರೇಡಿಯೇಟರ್ ಹಿಂದೆ ಸುಮ್ನೆ ಒಂದು ಕೋನ್ ಫಿಲ್ಟರ್ ಸಿಕ್ಕಿಸಿದರೆ ಎಂಜಿನ್ ಬಿಸಿ ಗಾಳಿಯನ್ನೇ ಎಳೆಯುತ್ತದೆ. ಸದ್ದು ಜಾಸ್ತಿ ಆಗುತ್ತದೆ, ಪಿಕಪ್ ಬರಲ್ಲ. ತಣ್ಣನೆ ಗಾಳಿ ದಟ್ಟವಾಗಿರುತ್ತದೆ, ಎಂಜಿನ್‌ಗೆ ಆಮ್ಲಜನಕ ಜಾಸ್ತಿ ಸಿಗುತ್ತದೆ, ಅದಕ್ಕೇ ಅಲ್ವಾ ಈ ಕೆಲಸ? ಪೈಪನ್ನು ಹೆಡ್‌ಲೈಟ್ ಹಿಂದಕ್ಕೆ ತನ್ನಿ, ಎಂಜಿನ್ ಕಡೆಗೆ ತಗಡಿನ ಮರೆ ಕಟ್ಟಿಸಿ. ಬಂಪರ್ ತಳಕ್ಕೆ ಮಾತ್ರ ಇಳಿಸಬೇಡಿ. ಮಳೆಯಲ್ಲಿ ನಿಂತ ನೀರನ್ನು ಎಳೆದರೆ ಕನೆಕ್ಟಿಂಗ್ ರಾಡ್ ಬಗ್ಗಿ ಎಂಜಿನ್ನೇ ಹೋಗುತ್ತದೆ.

ನಮ್ಮ ಕಡೆ ಅದಕ್ಕಿಂತ ದೊಡ್ಡ ಕಾಟ ಧೂಳು. ಎರೆ ಹೊಲದ ದಾರಿಯ ಧೂಳು ಹಿಟ್ಟಿನಷ್ಟು ನುಣುಪು. ಒಳಗೆ ಹೋದರೆ ಪಿಸ್ಟನ್ ರಿಂಗ್, ಬೋರ್ (ಸಿಲಿಂಡರಿನ ಒಳಗೋಡೆ) ಸವೆಯುತ್ತವೆ. ಕೆಲವು ದಿನ ಓಡಿಸಿದ ಮೇಲೆ ಫಿಲ್ಟರ್ ಬಿಚ್ಚಿ, ಪೈಪಿನ ಒಳಗೆ ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಗೆ ಮಣ್ಣು ಹತ್ತಿದರೆ ಕ್ಲಾಂಪ್ ಸಡಿಲ ಇದೆ, ಇಲ್ಲವೇ ಫಿಲ್ಟರ್ ಸರಿಯಿಲ್ಲ.

ಎಣ್ಣೆ ಹಚ್ಚುವ ಕಾಟನ್ ಫಿಲ್ಟರ್ ಇದ್ದರೆ ಎಣ್ಣೆ ತೆಳುವಾಗಿರಲಿ. ಜಾಸ್ತಿಯಾದರೆ ಒಳಬರುವ ಗಾಳಿ ಅಳೆಯುವ ಮಾಸ್ ಏರ್ ಫ್ಲೋ ಸೆನ್ಸರ್ ತಂತಿಗೆ ಅಂಟಿ, ಐಡ್ಲಿಂಗ್ ಏರುಪೇರಾಗುತ್ತದೆ. ಹಳೆ ಏರ್ ಬಾಕ್ಸಿಗೆ ಬರುತ್ತಿದ್ದ ಬ್ರೀದರ್ ಪೈಪನ್ನು (ಎಂಜಿನ್ ಒಳಗಿನ ಆವಿ ಹೊರಗೆ ಬಿಡುವ ಪೈಪು) ಮುಚ್ಚಬೇಡಿ, ಹೊಸ ಪೈಪಿಗೇ ಜೋಡಿಸಿ.

ನನ್ನ ಕೇಳಿದರೆ ಮೊದಲು ಕಂಪನಿಯ ಹೊಸ ಪೇಪರ್ ಫಿಲ್ಟರ್ ಹಾಕಿ, ಬಿರುಕು ಬಿಟ್ಟ ರಬ್ಬರ್ ಪೈಪ್ ಬದಲಿಸಿ ನೋಡಿ. ಎಷ್ಟೋ ಹಳೆ ಗಾಡಿಗಳ ಮಂದ ಪಿಕಪ್‌ಗೆ ಅಷ್ಟೇ ಸಾಕು.