ಜನರೇಟರ್ ಮೇಲೆ ಮೆಟಲ್ ಹಾಲೈಡ್ ಲೈಟು: ಒಂದು ರೆಸಿಸ್ಟರ್, ಒಂದು ರಿಲೇ, ನನ್ನ ಅನುಭವ

ನಮ್ಮ ತುಮಕೂರು ಕಡೆ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಅಂದ್ರೆ ರಾತ್ರಿ ಶುರುವಾಗಿದ್ದು ಕೋಳಿ ಕೂಗೋ ಹೊತ್ತಿಗೂ ಮುಗಿಯಲ್ಲ, ಗುಬ್ಬಿ ವೀರಣ್ಣನವರ ಸೀಮೆ ಇದು, ಆ ಹುಚ್ಚು ಜನಕ್ಕೆ ಇನ್ನೂ ಬಿಟ್ಟಿಲ್ಲ. ಇಂಥ ನಾಟಕಕ್ಕೆ, ಜಾತ್ರೆಗೆ, ಹೊನಲು ಬೆಳಕಿನ ಕಬಡ್ಡಿಗೆ ಲೈಟು ಜನರೇಟರ್ ಬಾಡಿಗೆ ಕೊಡೋದು ನನ್ನ ಕೆಲಸ. ನನ್ನ ಹತ್ರ ಇರೋದು 400 ವ್ಯಾಟ್ ಮೆಟಲ್ ಹಾಲೈಡ್ (ಬಲ್ಬಿನ ಒಳಗಿನ ಪುಟ್ಟ ಟ್ಯೂಬಲ್ಲಿ ಆವಿಯೊಳಗೆ ಕರೆಂಟ್ ಹರಿದು ಉರಿಯೋ ಥರದ್ದು) ಫ್ಲಡ್ ಲೈಟು ಎಂಟು, ಒಂದು 7.5 ಕೆವಿಎ ಡೀಸೆಲ್ ಜನರೇಟರ್. ಎಲ್‌ಇಡಿ ತಗೊಳ್ಳಿ ಅಂತ ಎಲ್ಲರೂ ಹೇಳ್ತಾರೆ, ನಿಜಾನೇ, ಆದ್ರೆ ಚೆನ್ನಾಗಿರೋ ಫಿಟ್ಟಿಂಗ್ ಎಸೆದು ಹೊಸದಕ್ಕೆ ದುಡ್ಡು ಹಾಕೋ ಹಾಗಿಲ್ಲ, ಇರೋದನ್ನೇ ಸರಿಯಾಗಿ ಓಡಿಸ್ಬೇಕು.

ತೊಂದರೆ ಏನಪ್ಪಾ ಅಂದ್ರೆ, ಎಂಟೂ ಒಟ್ಟಿಗೆ ಹಾಕಿದ ತಕ್ಷಣ ಎಂಸಿಬಿ (ಕರೆಂಟ್ ಜಾಸ್ತಿ ಆದ್ರೆ ತಾನೇ ಕಡಿಯೋ ಸ್ವಿಚ್) ಬೀಳುತ್ತೆ, ಇಲ್ಲಾ ಜನರೇಟರ್ ವೋಲ್ಟೇಜ್ ಮೇಲೆ ಕೆಳಗೆ ಕುಣಿಯುತ್ತೆ. ಉರೀತಿರೋ ಮೆಟಲ್ ಹಾಲೈಡ್‌ಗೆ ಒಂದು ಗಳಿಗೆ ವೋಲ್ಟೇಜ್ ಕುಸಿದ್ರೂ ಸಾಕು, ಆರಿ ಹೋಗುತ್ತೆ, ಆಮೇಲೆ ಟ್ಯೂಬ್ ತಣ್ಣಗಾಗೋವರೆಗೂ ಹತ್ತು ಹದಿನೈದು ನಿಮಿಷ ಹತ್ತಲ್ಲ, ಅಷ್ಟರಲ್ಲಿ ಸ್ಟೇಜ್ ಮೇಲೆ ಭೀಮ ಗದೆ ಹಿಡ್ಕೊಂಡು ಕತ್ತಲಲ್ಲಿ ನಿಂತಿರ್ತಾನೆ, ಹಾರ್ಮೋನಿಯಂ ಮೇಷ್ಟ್ರು ನಮ್ಮ ಕಡೆ ನೋಡ್ತಿರ್ತಾರೆ.

"ಬಲ್ಬು ಸ್ಟಾರ್ಟಿಂಗಲ್ಲಿ ಜಾಸ್ತಿ ಎಳೆಯುತ್ತೆ ಕಣಣ್ಣ" ಅಂತಾರೆ ನಮ್ಮ ಹುಡುಗರು. ಬಲ್ಬು ಬಿಸಿಯಾಗೋ ನಾಲ್ಕೈದು ನಿಮಿಷ ಜಾಸ್ತಿ ಎಳೆಯೋದು ಹೌದು, ಆದ್ರೆ ಸ್ವಿಚ್ ಹಾಕಿದ ಕ್ಷಣದಲ್ಲೇ ಎಂಸಿಬಿ ಬೀಳಿಸೋದು ಅದಲ್ಲ. ಆ ಕ್ಷಣಕ್ಕೆ ಬಲ್ಬು ಇನ್ನೂ ಹತ್ತೇ ಇರಲ್ಲ, ಬಲ್ಬಿನ ಕರೆಂಟನ್ನ ಮಿತಿಯಲ್ಲಿಡೋ ಚೋಕಲ್ಲಿ ಕರೆಂಟೇ ಹರಿಯಲ್ಲ. ಒದೆಯೋದು ಪವರ್ ಫ್ಯಾಕ್ಟರ್‌ಗೆ, ಅಂದ್ರೆ ಚೋಕಿಂದ ಹಿಂದೆ ಬೀಳೋ ಕರೆಂಟನ್ನ ಸರಿದೂಗಿಸೋಕೆ ಅಂತ ಲೈನಿಗೆ ಅಡ್ಡ ಹಾಕಿರೋ ಕೆಪಾಸಿಟರ್. ನನ್ನ ಫಿಟ್ಟಿಂಗಲ್ಲಿ ಅದು 35 ಮೈಕ್ರೋಫ್ಯಾರಡ್. 230 ವೋಲ್ಟ್ ಎಸಿ ಅಲೆಯ ತುದಿ (ಪೀಕ್) ಸುಮಾರು 325 ವೋಲ್ಟ್, ಸ್ವಿಚ್ ಅದೇ ತುದೀಲಿ ಬಿದ್ರೆ ಖಾಲಿ ಕೆಪಾಸಿಟರ್ ಶಾರ್ಟ್ ಇದ್ದ ಹಾಗೆ, ಅಡ್ಡ ಬರೋದು ವೈರಿನ ರೆಸಿಸ್ಟೆನ್ಸ್ ಮಾತ್ರ, ಮಿಲಿಸೆಕೆಂಡಿಗೂ ಕಮ್ಮಿ ಹೊತ್ತು ನೂರಾರು ಆಂಪ್ ಹೋಗಿಬಿಡಬಹುದು. ಇದ್ರ ಮೇಲೆ ಇನ್ನೊಂದಿದೆ, ಬಲ್ಬು ಹತ್ತೋಕೆ ಮುಂಚೆ ಎಂಟು ಕೆಪಾಸಿಟರೂ ಸೇರಿ 20 ಆಂಪ್ ಲೀಡಿಂಗ್ ಕರೆಂಟ್ (ವೋಲ್ಟೇಜಿಗಿಂತ ಮುಂದೆ ಓಡೋದು) ಎಳೀತವೆ, ಅಂದ್ರೆ 4.6 ಕೆವಿಎಆರ್ (ಕೆಲಸ ಮಾಡದೆ ಹೋಗಿ ಬರೋ ಪವರಿನ ಅಳತೆ), 7.5 ಕೆವಿಎ ಜನರೇಟರಿಗೆ ಅದು ಭಾರಿ ಆಯ್ತು, ವೋಲ್ಟೇಜ್ ಬೀಳೋ ಬದ್ಲು ಏರುತ್ತೆ, ಅದ್ರ ವೋಲ್ಟೇಜ್ ಹಿಡಿದಿಡೋ ಎವಿಆರ್ ತಡಕಾಡುತ್ತೆ.

ಫ್ಯಾನ್ ರೆಗ್ಯುಲೇಟರ್ ಥರ ಡಿಮ್ಮರ್ ಹಾಕಿ ನಿಧಾನಕ್ಕೆ ಏರಿಸೋದು ಇಲ್ಲಿ ನಡೆಯಲ್ಲ. ಬಲ್ಬಿಗೆ ಮೊದಲ ಕಿಡಿ ಕೊಡೋ ಇಗ್ನೈಟರ್‌ಗೆ ಪೂರ್ತಿ ವೋಲ್ಟೇಜ್ ಬೇಕು, ಕೆಪಾಸಿಟರ್‌ಗೂ ಡಿಮ್ಮರ್ ಒಳಗಿನ ಟ್ರಯಾಕ್‌ಗೂ ಆಗಿ ಬರಲ್ಲ.

ನಾನು ಮಾಡಿರೋದು ಇಷ್ಟೇ. ಪ್ರತಿ ಫಿಟ್ಟಿಂಗಿನ ಫೇಸ್ ವೈರಲ್ಲಿ, ಚೋಕು ಕೆಪಾಸಿಟರ್ ಎರಡಕ್ಕೂ ಮುಂಚೆ, ಒಂದು 10 ಓಮ್ 10 ವ್ಯಾಟ್ ಬಿಳಿ ಸಿಮೆಂಟ್ ರೆಸಿಸ್ಟರ್. ಅದಕ್ಕೆ ಅಡ್ಡಡ್ಡ ಒಂದು ರಿಲೇಯ ಎನ್‌ಓ ಕಾಂಟ್ಯಾಕ್ಟ್, ಅಂದ್ರೆ ಸುಮ್ನಿದ್ದಾಗ ತೆರೆದಿದ್ದು, ರಿಲೇ ಕಾಯಿಲಿಗೆ ಕರೆಂಟ್ ಬಂದಾಗ ಮುಚ್ಚೋದು. ರಿಲೇ ಕಾಯಿಲ್ 230 ವೋಲ್ಟ್ ಎಸಿದು, ಅದನ್ನ ರೆಸಿಸ್ಟರ್ ಆದ ಮೇಲಿನ ಫೇಸಿಗೂ ನ್ಯೂಟ್ರಲ್‌ಗೂ ಕೊಡಬೇಕು, ರೆಸಿಸ್ಟರಿಗೆ ಮುಂಚೆ ಅಲ್ಲ, ಈ ಸರ್ಕ್ಯೂಟಿನ ಜೀವ ಇರೋದೇ ಅಲ್ಲಿ. ಸ್ವಿಚ್ ಹಾಕಿದಾಗ ಕರೆಂಟು ರೆಸಿಸ್ಟರ್ ಮೂಲಕ ಹೋಗುತ್ತೆ, ತುದೀಲಿ ಬಿದ್ರೂ 33 ಆಂಪ್ ದಾಟಲ್ಲ. ಕೆಪಾಸಿಟರ್ ತುಂಬಿ ಆ ಕಡೆ ವೋಲ್ಟೇಜ್ ಎದ್ದ ಮೇಲೆ ಕಾಯಿಲ್ ತಾನೇ ಎಳ್ಕೊಳ್ಳುತ್ತೆ, ಸಾಮಾನ್ಯವಾಗಿ ಶೇಕಡ 80ರ ಹತ್ರ ವೋಲ್ಟೇಜ್ ಬಂದ್ರೆ ರಿಲೇ ಹಿಡಿಯುತ್ತೆ, ರೆಸಿಸ್ಟರ್ ಬೈಪಾಸ್ ಆಗುತ್ತೆ. ಟೈಮರ್ ಬೇಡ, ಐಸಿ ಬೇಡ, ಬೇರೆ ಡಿಸಿ ಸಪ್ಲೈ ಬೇಡ. ಸಪ್ಲೈ ಪೂರ್ತಿ ಕುಸಿದು ರಿಲೇ ಬಿಟ್ರೆ ಮತ್ತೆ ಬರುವಾಗ ಮೊದಲಿಂದ ಅದೇ ಕ್ರಮ ನಡೆಯುತ್ತೆ, ಯಾರೂ ಮುಟ್ಟಬೇಕಾಗಿಲ್ಲ.

ರೆಸಿಸ್ಟರ್ ದೊಡ್ಡದು ಹಾಕಿದಷ್ಟೂ ಒಳ್ಳೇದು ಅಂತ ಅನ್ಸುತ್ತೆ, ಹಾಗಲ್ಲ. 35 ಮೈಕ್ರೋಫ್ಯಾರಡ್ ಕೆಪಾಸಿಟರ್ 50 ಹರ್ಟ್ಜ್‌ನಲ್ಲಿ 91 ಓಮ್ ಇದ್ದ ಹಾಗೆ, ತುಂಬಿದ ಮೇಲೂ ಎರಡೂವರೆ ಆಂಪ್ ಓಡ್ತಾನೇ ಇರುತ್ತೆ. 22 ಓಮ್ ಹಾಕಿದ್ರೆ ರೆಸಿಸ್ಟರ್ ಮೇಲೆ 54 ವೋಲ್ಟ್ ಉಳಿಯುತ್ತೆ, ರಿಲೇ ಮುಚ್ಚಿದ ಗಳಿಗೇಲಿ ಅಷ್ಟೂ ವೋಲ್ಟೇಜಿನ ಎರಡನೇ ಒದೆ ಬೀಳುತ್ತೆ. 10 ಓಮ್‌ಗೆ ಅದು 25 ವೋಲ್ಟ್ ಅಷ್ಟೇ. ಮೊದಲನೇ ಒದೆ ಎರಡನೇ ಒದೆ ಎರಡೂ ಹದವಾಗಿರೋದು ಇಲ್ಲೇ. ಅದಕ್ಕೇ ಎಂಟಕ್ಕೂ ಸೇರಿಸಿ ಒಂದೇ ರೆಸಿಸ್ಟರ್ ಹಾಕ್ಬೇಡಿ, ಲೈಟು ಜಾಸ್ತಿ ಆದ ಹಾಗೆ ಬೆಲೆ ಬದಲಾಗುತ್ತೆ, ಒಂದೊಂದು ಫಿಟ್ಟಿಂಗಿಗೆ ಒಂದೊಂದು ಇದ್ರೆ ಇವತ್ತು ಎರಡು ಲೈಟು ಹೋಗಲಿ ನಾಳೆ ಎಂಟು ಹೋಗಲಿ ಲೆಕ್ಕ ಅದೇ.

ಒಂದು ಕಡೆ ಮಾತ್ರ ಉದಾಸೀನ ಮಾಡ್ಬಾರ್ದು. ರಿಲೇ ಕಾಯಿಲ್ ಸುಟ್ಟು ಹೋದ್ರೆ ರೆಸಿಸ್ಟರ್ ಲೈನಲ್ಲೇ ಉಳಿಯುತ್ತೆ, 2 ಆಂಪ್ ಹರಿದ್ರೆ 40 ವ್ಯಾಟ್ ಶಾಖ, 10 ವ್ಯಾಟಿನ ರೆಸಿಸ್ಟರ್ ಕೆಂಪಗಾಗುತ್ತೆ, ಕೆಳಗೆ ಶಾಮಿಯಾನ ಬಟ್ಟೆ ಇರುತ್ತೆ. ಹಾಗಾಗಿ ರೈಸ್ ಕುಕ್ಕರ್ ರಿಪೇರಿಗೆ ಸಿಗೋ ಥರ್ಮಲ್ ಫ್ಯೂಸನ್ನ ರೆಸಿಸ್ಟರ್ ಜೊತೆ ಸೀರೀಸಲ್ಲಿ, ಮೈಗೆ ಅಂಟೋ ಹಾಗೆ ಕಟ್ಟಿದೀನಿ. ಅದಕ್ಕೆ ಬೆಸುಗೆ ಹಾಕ್ಬೇಡಿ, ಆ ಬಿಸಿಗೇ ಹೋಗಿಬಿಡುತ್ತೆ, ಕ್ರಿಂಪ್ ಮಾಡಿ. ಕೆಪಾಸಿಟರಿಗೆ ಅಡ್ಡ ಡಿಸ್ಚಾರ್ಜ್ ರೆಸಿಸ್ಟರ್ (ಆರಿಸಿದ ಮೇಲೆ ಉಳಿದ ಚಾರ್ಜ್ ಇಳಿಸೋದು) ಇದ್ಯಾ ಅಂತ ಪೆಟ್ಟಿಗೆ ಬಿಚ್ಚಿದಾಗಲೇ ನೋಡಿ. ಇಗ್ನೈಟರಿಂದ ಬಲ್ಬಿಗೆ ಹೋಗೋ ವೈರಿಗೆ ಏನೂ ಸೇರಿಸೋ ಹಾಗಿಲ್ಲ, ಅಲ್ಲಿ ಮೂರರಿಂದ ಐದು ಸಾವಿರ ವೋಲ್ಟ್ ಪಲ್ಸ್ ಬರುತ್ತೆ. ಅರ್ತಿಂಗ್ ಬಗ್ಗೆ ಹೇಳೋದೇ ಬೇಡ, ಮಳೆ ಬಿದ್ದ ಬಯಲಲ್ಲಿ ಬರಿಗಾಲ ಮಕ್ಕಳು ಕಂಬ ಹಿಡ್ಕೊಂಡು ನಿಂತಿರ್ತಾವೆ.

ಒದೆ ನಿಂತ್ರೂ ಬಿಸಿಯಾಗೋ ಹೊತ್ತಿನ ಎಳೆತ ಉಳಿಯುತ್ತಲ್ಲ, ಅದಕ್ಕೆ ಎರಡೆರಡು ಲೈಟಿಗೆ ಒಂದು ಸ್ವಿಚ್ ಮಾಡಿದೀನಿ. ಮೊದಲನೇ ಜೋಡಿ ಹತ್ತಿದ್ದು ನೋಡ್ಕೊಂಡು ಇನ್ನೊಂದು ಹಾಕು ಅಂತ ಹುಡುಗನಿಗೆ ಹೇಳಿದೀನಿ, ಹತ್ತಿದ ಬಲ್ಬಿನ ಚೋಕು ಲ್ಯಾಗಿಂಗ್ (ಹಿಂದೆ ಬೀಳೋ) ಕರೆಂಟ್ ಎಳೆಯೋದ್ರಿಂದ ಮುಂದಿನ ಜೋಡಿ ಕೆಪಾಸಿಟರಿನ ಲೀಡಿಂಗ್ ಅಲ್ಲೇ ತೀರಿಹೋಗುತ್ತೆ. ಇದ್ರ ಜೊತೆ ಎರಡು ಹ್ಯಾಲೊಜನ್ ಯಾವಾಗಲೂ ಉರೀತಿರುತ್ತೆ. ಕರೆಂಟು ಹೋಗಿ ಜನರೇಟರಿಗೆ ಬದಲಾಯಿಸಿದಾಗ ಹ್ಯಾಲೊಜನ್ ತಕ್ಷಣ ಹತ್ತುತ್ತೆ, ಪಾತ್ರಧಾರಿಗಳ ಮುಖ ಕಾಣುತ್ತೆ, ಪದ್ಯ ನಿಲ್ಲಲ್ಲ. ಇದು ಮಾಡಿಕೊಂಡ ಮೇಲೆ ಸಿ ಟೈಪ್ ಎಂಸಿಬಿ ಸ್ವಿಚ್ ಹಾಕುವಾಗ ಬಿದ್ದಿಲ್ಲ, ಜನರೇಟರ್ ಸದ್ದೂ ಒಂದೇ ಸಮ ಇರುತ್ತೆ. ಸಾಮಾನು ಎಲ್ಲಾ ಬೆಂಗಳೂರು ಎಸ್‌ಪಿ ರೋಡಲ್ಲಿ ತಂದಿದ್ದು, ಖರ್ಚು ಜಾಸ್ತಿ ಆಗೋದು ರಿಲೇಗೆ, ಉಳಿದದ್ದೆಲ್ಲಾ ಚಿಲ್ಲರೆ.

ರಿಲೇನೂ ಬೇಡ ಅನ್ನೋರಿಗೆ ಎನ್‌ಟಿಸಿ ಥರ್ಮಿಸ್ಟರ್ ಇದೆ, 10ಡಿ-15 ಅಂತ ಕೇಳಿ, ತಣ್ಣಗಿದ್ದಾಗ 10 ಓಮ್, ಬಿಸಿಯಾದ ಮೇಲೆ ಒಂದು ಓಮಿಗಿಂತ ಕಮ್ಮಿ. ಆದ್ರೆ ಬಿಸಿ ಇದ್ದಾಗ ಕರೆಂಟ್ ಹೋಗಿ ತಕ್ಷಣ ಬಂದ್ರೆ ಅದು ತಡೆಯಲ್ಲ, ಹಾಗಾಗಿ ನನ್ನ ಜನರೇಟರ್ ಕೆಲಸಕ್ಕೆ ಅದು ಬೇಡ. ಸಂಜೆ ಹಾಕಿ ಬೆಳಗ್ಗೆ ಆರಿಸೋ ಲೈಟಿಗೆ ಅದೇ ಸಾಕು, ತಿಪಟೂರು ಕಡೆ ಒಬ್ರು ಕೊಬ್ಬರಿ ಗೋಡೌನ್ ಅಂಗಳದ ಸೋಡಿಯಂ ಲೈಟುಗಳಿಗೆ ಅದನ್ನೇ ಹಾಕಿಕೊಟ್ಟಿದೀನಿ. ಕೈ ಸುಡೋಷ್ಟು ಕಾಯುತ್ತೆ, ಅದಕ್ಕೇ ಕಾಲು ಉದ್ದ ಬಿಟ್ಟು, ಪಿವಿಸಿ ವೈರಿಗೆ ತಾಗದ ಹಾಗೆ, ಪಿಂಗಾಣಿ ಕನೆಕ್ಟರಲ್ಲಿ ಬಿಗಿದಿದೀನಿ.